ಕನ್ನಡದ ಪುಟ ಮತ್ತು ಓದಿನ ಸಾಧನ : ಇ-ರೀಡರ್, ಟ್ಯಾಬ್ಲೆಟ್‌ಗಳ ಆಯ್ಕೆಯನ್ನು ಕುರಿತು

ಪುಸ್ತಕ ಓದುವುದಕ್ಕೆಂದೇ ರೂಪಿಸಿದ ಇ-ರೀಡರ್ ಲೇಸೋ, ಹತ್ತು ಕೆಲಸಗಳಿಗೆ ಒದಗುವ ಟ್ಯಾಬ್ಲೆಟ್ ಲೇಸೋ ಎಂಬ ಪ್ರಶ್ನೆ ಈಗ ಕನ್ನಡ ವಿಭಾಗಗಳಲ್ಲಿಯೂ ಕೇಳಿಬರುತ್ತಿದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ತಾಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಪಾಠ ಹೇಳುತ್ತಲೇ ಪಿಎಚ್.ಡಿ. ಅಧ್ಯಯನವನ್ನೋ ಲೇಖನದ ಸಿದ್ಧತೆಯನ್ನೋ ಕೈಗೊಂಡಿರುವ ಅಧ್ಯಾಪಕರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಅವರಲ್ಲಿ ಅನೇಕರು ಅತಿಥಿ ಉಪನ್ಯಾಸಕರು. ಎರಡೂ ಸಾಧನಗಳನ್ನು ಕೊಳ್ಳುವ ಅನುಕೂಲ ಅವರಿಗಿಲ್ಲ. ಒಂದನ್ನು ಕೊಂಡರೆ ನಾಲ್ಕೈದು ವರ್ಷ ಅದರಲ್ಲಿಯೇ ಕೆಲಸ ನಡೆಯಬೇಕು. ಆಕರಗ್ರಂಥಗಳ ಹಳೆಯ ಮುದ್ರಣಗಳೆಲ್ಲವೂ ತಾಲೂಕು ಕೇಂದ್ರದ ಗ್ರಂಥಾಲಯದಲ್ಲಿ ಇರುತ್ತವೆಂದು ನಿರೀಕ್ಷಿಸಲಾಗದು. ಅವುಗಳಿಗಾಗಿ ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕಾಗಿದ್ದ ಸಂಶೋಧಕನಿಗೆ ಇಂದು ಅವುಗಳಲ್ಲಿ ಹಲವು ಕಡತರೂಪದಲ್ಲಿ ದೊರೆಯುತ್ತಿವೆ. ದೊರೆತುದನ್ನು ಯಾವುದರಲ್ಲಿ ಓದಬೇಕೆಂಬುದು ಹೀಗೆ ಅಧ್ಯಯನದ ಪ್ರಶ್ನೆಯೇ ಆಗಿದೆ.

ಈ ವಿಷಯದಲ್ಲಿ ಇಂಗ್ಲಿಷಿನಲ್ಲಿ ಬಂದಿರುವ ಬರವಣಿಗೆ ಅಪಾರ. ಆದರೆ ಅದರ ತೀರ್ಮಾನಗಳನ್ನು ಕನ್ನಡಕ್ಕೆ ನೇರವಾಗಿ ಅನ್ವಯಿಸುವುದು ಸರಿಯಲ್ಲವೆಂಬುದು ಪ್ರಸ್ತುತ ಲೇಖನದ ನಿಲುವು. ಆ ಹೋಲಿಕೆಗಳಲ್ಲಿ ಪುಸ್ತಕವು ಸಿದ್ಧವಾಗಿಯೇ ಇರುತ್ತದೆ. ಯಾವ ಅಳತೆಯ ತೆರೆಗಾದರೂ ಹೊಂದಿಕೊಂಡು ಹರಿಯುವ ಪಠ್ಯವಾಗಿ ಅಂಗಡಿಯಲ್ಲಿ ದೊರೆಯುತ್ತದೆಂದು ಭಾವಿಸಿಯೇ ಕಣ್ಣಿನ ಆಯಾಸ, ತೂಕ, ಬ್ಯಾಟರಿ ಮೊದಲಾದವುಗಳ ಚರ್ಚೆ ಆರಂಭವಾಗುತ್ತದೆ. ಕನ್ನಡದಲ್ಲಿ ಚರ್ಚೆ ಆರಂಭವಾಗಬೇಕಾದುದು ಅದಕ್ಕಿಂತ ಒಂದು ಹೆಜ್ಜೆ ಹಿಂದಿನಿಂದ: ನಮ್ಮ ಪುಸ್ತಕಗಳು ಯಾವ ರೂಪದಲ್ಲಿವೆ ಎಂಬಲ್ಲಿಂದ.

ಮೊದಲು ಸಾಧನಗಳನ್ನು ಕುರಿತು ನಾಲ್ಕು ಮಾತು. ಇ-ರೀಡರಿನ ತೆರೆಯಲ್ಲಿ ಕಪ್ಪು ಬಿಳಿ ವರ್ಣದ ಸೂಕ್ಷ್ಮಕಣಗಳು ವಿದ್ಯುದಾವೇಶದಿಂದ ಮೇಲೆ ಕೆಳಗೆ ಚಲಿಸಿ ಅಕ್ಷರ ಮೂಡಿಸುತ್ತವೆ. ಒಮ್ಮೆ ಮೂಡಿದ ಪುಟ ನಿಲ್ಲುವುದಕ್ಕೆ ವಿದ್ಯುತ್ತು ಬೇಡ. ಪುಟ ತಿರುವಿದಾಗ ಮಾತ್ರ ಬೇಕು. ಆದ್ದರಿಂದ ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ಹೊರಗಿನ ಬೆಳಕನ್ನು ಕಾಗದದಂತೆಯೇ ಪ್ರತಿಫಲಿಸುವುದರಿಂದ ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿಯೂ ಅಕ್ಷರ ಸ್ಪಷ್ಟವಾಗಿಯೇ ಕಾಣುತ್ತದೆ. ಈ ತೆರೆಯ ಮೊದಲ ಇ-ರೀಡರನ್ನು ಸೋನಿ ಕಂಪನಿಯು ೨೦೦೪ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದಿತು. ಅಮೆಜಾನ್ ಕಂಪನಿಯ ಕಿಂಡಲ್ ೨೦೦೭ರ ನವೆಂಬರಿನಲ್ಲಿ ಬಂದ ಮೇಲೆ ಇದು ಜನಬಳಕೆಯ ವಸ್ತುವಾಯಿತು. ಟ್ಯಾಬ್ಲೆಟ್ ಎಂಬುದು ದೊಡ್ಡ ತೆರೆಯ ಮೊಬೈಲ್ ಫೋನಿನಂತೆ. ಹಿಂದಿನಿಂದ ಬೆಳಕು ಹಾಯಿಸುವ ಬಣ್ಣದ ತೆರೆ, ದಿನಕ್ಕೊಮ್ಮೆ ಚಾರ್ಜು, ಬಿಸಿಲಿನಲ್ಲಿ ಹಿಡಿದರೆ ಓದುಗನ ಮುಖವೇ ಕನ್ನಡಿಯಲ್ಲಿ ಕಂಡಂತೆ ಕಾಣುವ ಹೊಳಪು. ಆ್ಯಪಲ್ ಕಂಪನಿಯ ಐಪ್ಯಾಡ್ ೨೦೧೦ರಲ್ಲಿ ಬಂದಿತು. ಭಾರತ ಸರ್ಕಾರವು ವಿದ್ಯಾರ್ಥಿಗಳಿಗಾಗಿ ೨೦೧೧ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ ‘ಆಕಾಶ್’ ಟ್ಯಾಬ್ಲೆಟ್ಟನ್ನು ಹಿರಿಯ ಅಧ್ಯಾಪಕರು ಮರೆತಿರಲಾರರು. ಏಳು ಅಂಗುಲದ ಆ ಸಾಧನ ಎಷ್ಟು ಸದ್ದು ಮಾಡಿತೋ ಅಷ್ಟು ಬಳಕೆಗೆ ಬರಲಿಲ್ಲ.

ಗಂಟೆಗಟ್ಟಲೆ ಒಂದೇ ಓಟದ ಓದಿಗೆ ಇ-ರೀಡರೇ ಮೇಲೆಂಬುದರಲ್ಲಿ ಸಂಶಯವಿಲ್ಲ. ಇಂಡಿಯಿಂದಲೋ ಸಿಂದಗಿಯಿಂದಲೋ ವಿಜಯಪುರಕ್ಕೆ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಹಗುರವಾದ, ಕಿಟಕಿಯ ಬಿಸಿಲಿಗೆ ಅಂಜದ, ನಡುವೆ ಕರೆ ಸಂದೇಶಗಳ ಕಾಟವಿಲ್ಲದ ಸಾಧನ ಅದೊಂದೇ. ಇಷ್ಟಾದರೂ ಕನ್ನಡ ಸಂಶೋಧಕ ಒಂದೇ ಸಾಧನವನ್ನು ಕೊಳ್ಳುವುದಾದರೆ ಹತ್ತು ಅಂಗುಲದ ಟ್ಯಾಬ್ಲೆಟ್ಟನ್ನೇ ಕೊಳ್ಳಬೇಕಾಗಿದೆ. ಇದು ಟ್ಯಾಬ್ಲೆಟ್ಟಿನ ಹಿರಿಮೆಯಿಂದ ಬಂದ ತೀರ್ಮಾನವಲ್ಲ. ನಮ್ಮ ಪುಸ್ತಕಗಳ ಈಗಿನ ಸ್ಥಿತಿ ಹಾಗೆ ಮಾಡಿದೆ.

ಗಣಕದಲ್ಲಿ ಇಂದು ದೊರೆಯುವ ಕನ್ನಡ ಗ್ರಂಥಗಳನ್ನು ಗಮನಿಸಿದರೆ ಹಳೆಯ ಪುಸ್ತಕಗಳ ಬಹುಪಾಲು ಪುಟದ ಚಿತ್ರಗಳಾಗಿಯೇ ಇರುವುದು ತಿಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆ ಪ್ರಮುಖ ಪಾಲು ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯು ೨೦೦೦ದ ದಶಕದಲ್ಲಿ ಅನೇಕ ಗ್ರಂಥಾಲಯಗಳ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿತು. ಅದರ ಜಾಲತಾಣ ನಿಂತುಹೋದರೂ ಆ ಪುಸ್ತಕಗಳಲ್ಲಿ ಹೆಚ್ಚಿನವು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಕನ್ನಡದ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಯಾರು ಹೇಗೆ ಬರೆದರೋ ಹಾಗೆಯೇ ಅಲ್ಲಿ ಅವು ನಮೂದಾಗಿವೆ. ಹೀಗಾಗಿ ಒಂದು ಪುಸ್ತಕವನ್ನು ಹುಡುಕಲು ನಾಲ್ಕು ಬಗೆಯ ಕಾಗುಣಿತ ಪ್ರಯತ್ನಿಸಬೇಕಾಗುತ್ತದೆ. ನಡುನಡುವೆ ಪುಟಗಳು ತಪ್ಪಿರುವುದೂ ಉಂಟು. ದೋಷಗಳೇನೇ ಇರಲಿ, ಈ ಸಂಗ್ರಹವಿಲ್ಲದಿದ್ದರೆ ತಾಲೂಕು ಕೇಂದ್ರದಲ್ಲಿ ಕುಳಿತು ಹಳೆಯ ಮುದ್ರಣಗಳನ್ನು ನೋಡುವುದು ಸಾಧ್ಯವೇ ಆಗುತ್ತಿರಲಿಲ್ಲ.

ಇನ್ನು ೧೯೯೦ರ ಅನಂತರ ಗಣಕದಲ್ಲಿಯೇ ಅಕ್ಷರಜೋಡಣೆಗೊಂಡ ಪುಸ್ತಕಗಳ ಕಥೆ ಬೇರೆ. ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ನಮ್ಮ ಮುದ್ರಣಾಲಯಗಳು ಎರಡು ದಶಕಗಳ ಕಾಲ ಶ್ರೀಲಿಪಿ, ಬರಹ, ನುಡಿ ಮೊದಲಾದವುಗಳ ಹಳೆಯ ಸಂಕೇತವ್ಯವಸ್ಥೆಯಲ್ಲಿಯೇ ದುಡಿದವು. ಆ ಕಡತವನ್ನು ಆಯಾ ಫಾಂಟು ಇಲ್ಲದೆ ತೆರೆದರೆ ಕನ್ನಡದ ಬದಲು ಲ್ಯಾಟಿನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು ಕಾಣುತ್ತವೆ. ಪಿಡಿಎಫ್ ಮಾಡಿಟ್ಟಿದ್ದರೆ ಕಣ್ಣಿಗೆ ಕನ್ನಡವಾಗಿ ಕಂಡರೂ ಅದರಲ್ಲಿ ಒಂದು ಪದವನ್ನು ಹುಡುಕಲು ಬರುವುದಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲು ಮುರಿದು ಹೊಂದಿಕೊಳ್ಳುವುದಿಲ್ಲ. ಓದುವ ಸಾಧನದ ಮಟ್ಟಿಗೆ ಅದೂ ಒಂದು ಚಿತ್ರವೇ. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಅಕಾಡೆಮಿಗಳು ಆ ವರ್ಷಗಳಲ್ಲಿ ಹೊರತಂದ ಗ್ರಂಥಗಳ ಮೂಲ ಕಡತಗಳು ಎಲ್ಲಿಯಾದರೂ ಉಳಿದಿದ್ದರೆ ಇದೇ ಸ್ಥಿತಿಯಲ್ಲಿ ಇರುತ್ತವೆ.

ಯುನಿಕೋಡಿನಲ್ಲಿ ಹರಿಯುವ ನಿಜವಾದ ಪಠ್ಯದ ಪಾಲು ಇವೆರಡಕ್ಕಿಂತ ಕಿರಿದು. ಇದರಲ್ಲಿ ವಚನಸಾಹಿತ್ಯ ಭಾಗ್ಯಶಾಲಿ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವು ಗಣಕಕ್ಕೆ ಇಳಿದು, ಸ್ವಯಂಸೇವಕರ ಶ್ರಮದಿಂದ ‘ವಚನ ಸಂಚಯ’ ಎಂಬ ಜಾಲತಾಣವಾಗಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಪದಪದವನ್ನೂ ಹುಡುಕುವ ಅನುಕೂಲ ಒದಗಿದೆ. ವಚನವನ್ನು ಕುರಿತು ಕೆಲಸ ಮಾಡುವವರಿಗೂ ಹರಿಹರ, ರಾಘವಾಂಕ, ಚಾಮರಸರನ್ನು ಕುರಿತು ಕೆಲಸ ಮಾಡುವವರಿಗೂ ಇಂದು ದೊರೆಯುತ್ತಿರುವ ಸೌಲಭ್ಯದಲ್ಲಿ ಎಷ್ಟು ಅಂತರವಿದೆಯೆಂಬುದನ್ನು ಬಲ್ಲವರೇ ಬಲ್ಲರು.

ಈಗ ಅಳತೆಯ ಮಾತಿಗೆ ಬರೋಣ. ನಮ್ಮ ಶಾಸ್ತ್ರಗ್ರಂಥಗಳು, ಸಂಪಾದಿತ ಕಾವ್ಯಗಳು ಹೆಚ್ಚಾಗಿ ಡೆಮಿ ಅಷ್ಟದಳದಲ್ಲಿ, ಎಂದರೆ ಸುಮಾರು ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರದ ಪುಟದಲ್ಲಿ ಮುದ್ರಿತವಾಗಿವೆ. ಆರು ಅಂಗುಲದ ಇ-ರೀಡರ್ ಎಂದರೆ ಕರ್ಣರೇಖೆ ಆರು ಅಂಗುಲ. ತೆರೆಯ ಅಗಲ ಸುಮಾರು ೩.೬ ಅಂಗುಲ, ಎತ್ತರ ೪.೮ ಅಂಗುಲ. ಡೆಮಿ ಪುಟದ ಚಿತ್ರವನ್ನು ಅದರೊಳಗೆ ಹಿಡಿಸಿದರೆ ಪುಟವು ಮೂಲದ ಶೇಕಡಾ ೫೬ಕ್ಕೆ ಇಳಿಯುತ್ತದೆ. ಹನ್ನೆರಡು ಪಾಯಿಂಟಿನ ಅಕ್ಷರ ಏಳಕ್ಕೂ, ಒಂಬತ್ತು ಪಾಯಿಂಟಿನ ಅಡಿಟಿಪ್ಪಣಿ ಐದಕ್ಕೂ ಕುಗ್ಗುತ್ತವೆ. ಅಂಚುಗಳನ್ನು ಕತ್ತರಿಸಿ ತೋರಿಸುವ ಸೌಕರ್ಯ ಬಳಸಿದರೂ ಎಂಟು ಮತ್ತು ಆರು ಪಾಯಿಂಟಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇತ್ತೀಚಿನ ಏಳು ಅಂಗುಲದ ಇ-ರೀಡರುಗಳಲ್ಲಿ ಸ್ಥಿತಿ ತುಸು ಸುಧಾರಿಸಿದೆಯಾದರೂ ಪುಟ ಮೂಲದ ಮೂರನೆಯ ಎರಡು ಪಾಲಿಗೇ ಇಳಿಯುತ್ತದೆ. ಹತ್ತು ಅಂಗುಲದ ಟ್ಯಾಬ್ಲೆಟ್ಟಿನಲ್ಲಾದರೋ ಅದೇ ಡೆಮಿ ಪುಟ ಹೆಚ್ಚುಕಡಿಮೆ ಮೂಲದ ಅಳತೆಯಲ್ಲಿಯೇ ಕೂಡುತ್ತದೆ.

ರೋಮನ್ ಲಿಪಿಯಲ್ಲಿ ಏಳು ಪಾಯಿಂಟನ್ನು ಕಷ್ಟಪಟ್ಟಾದರೂ ಓದಬಹುದು. ಕನ್ನಡದಲ್ಲಿ ಮೂಲಾಕ್ಷರದ ಕೆಳಗೆ ಒತ್ತು, ಬಲಕ್ಕೆ ದೀರ್ಘ, ಮೇಲೆ ಗುಡಿಸು, ಕೆಲವೊಮ್ಮೆ ಒತ್ತಿನ ಕೆಳಗೆ ಮತ್ತೊಂದು ಒತ್ತು. ಇಷ್ಟೂ ಅಷ್ಟೇ ಎತ್ತರದಲ್ಲಿ ಅಡಕವಾಗಬೇಕು. ಹಳೆಯ ಅಚ್ಚಿನ ಮೊಳೆಯ ಮಸಿ ಹರಡಿ, ಸ್ಕ್ಯಾನಿನಲ್ಲಿ ಮತ್ತಷ್ಟು ಮಸುಕಾದ ಪುಟದಲ್ಲಿ ಕುಗ್ಗಿದ ಒತ್ತು ತಕಾರದ್ದೋ ನಕಾರದ್ದೋ ತಿಳಿಯುವುದಿಲ್ಲ. ಕಾದಂಬರಿ ಓದುವವನು ಸಂದರ್ಭದಿಂದ ಊಹಿಸಿ ಮುಂದೆ ಸಾಗಿಯಾನು. ಪಾಠಾಂತರಗಳನ್ನು ನೋಡಲೆಂದೇ ಪುಟ ತೆರೆದ ಸಂಶೋಧಕನಿಗೆ ಬೇಕಾದುದು ಅಡಿಯಲ್ಲಿರುವ ಐದು ಪಾಯಿಂಟಿನ ಆ ಸಾಲುಗಳೇ. ಪುಟವನ್ನು ಹಿಗ್ಗಿಸಿ ಅತ್ತಿತ್ತ ಸರಿಸುತ್ತ ಓದೋಣವೆಂದರೆ ಇ-ರೀಡರಿನ ತೆರೆ ಪ್ರತಿ ಸರಿತಕ್ಕೂ ಮಿನುಗಿ ತಡವರಿಸುತ್ತದೆ. ಹತ್ತು ಪುಟದಲ್ಲಿ ತಾಳ್ಮೆ ಮುಗಿಯುತ್ತದೆ.

ಶಾಸನಸಂಪುಟಗಳ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ಮುಂಬಯಿ ಕರ್ನಾಟಕದ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ೧೧, ೧೫, ೧೮, ೨೦ನೆಯ ಸಂಪುಟಗಳಲ್ಲಿ ಪ್ರಕಟವಾಗಿವೆ. ವಿಜಯಪುರ ಜಿಲ್ಲೆಯ ಸ್ಥಳೀಯ ಚರಿತ್ರೆಯನ್ನು ಬರೆಯಹೊರಟವರಿಗೆ ಇವು ಅನಿವಾರ್ಯ. ಅವುಗಳ ಪುಟ ಡೆಮಿಗಿಂತ ದೊಡ್ಡದು, ಸಾಲಿನ ಸಂಖ್ಯೆಗಳು ಅಂಚಿನಲ್ಲಿವೆ, ಅಂಚನ್ನು ಕತ್ತರಿಸುವಂತೆಯೇ ಇಲ್ಲ. ಇಂಡಿ ತಾಲೂಕಿನ ಸಾಲೋಟಗಿಯ ಕ್ರಿ.ಶ. ೯೪೫ರ ಸ್ತಂಭಶಾಸನ ಎಪಿಗ್ರಾಫಿಯಾ ಇಂಡಿಕಾದ ನಾಲ್ಕನೆಯ ಸಂಪುಟದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಅಲ್ಲಿ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ ದೀಪದ ವೆಚ್ಚಕ್ಕೆಂದೇ ಪ್ರತ್ಯೇಕವಾಗಿ ಭೂಮಿ ಬಿಡಲಾಗಿತ್ತೆಂದೂ ತಿಳಿದುಬರುತ್ತದೆ. ಓದಿಗೆ ಬೇಕಾದ ಬೆಳಕಿಗೂ ಲೆಕ್ಕವಿಟ್ಟು ಉಂಬಳಿ ಹಾಕಿಕೊಟ್ಟ ಊರಿನ ಸಮೀಪದಲ್ಲಿಯೇ ನಾವಿಂದು ತೆರೆಯ ಬೆಳಕಿನ ಚರ್ಚೆ ಮಾಡುತ್ತಿದ್ದೇವೆ. ಆ ಶಾಸನದ ಪ್ರತಿಕೃತಿಯ ಪಟವನ್ನು ಹಿಗ್ಗಿಸಿ ಅಕ್ಷರ ಗುರುತಿಸಬೇಕಾದರೆ ಹದಿನಾರು ಬೂದುಛಾಯೆಗಳ ಚಿಕ್ಕ ತೆರೆ ಸಾಲದು. ತಾಳೆಗರಿಯ ಚಿತ್ರಗಳಿಗಂತೂ ಬಣ್ಣವೂ ಬೇಕು, ಹಿಗ್ಗಿಸಿ ಉದ್ದಕ್ಕೆ ಸರಿಸುವ ವೇಗವೂ ಬೇಕು.

ಹತ್ತು ಅಂಗುಲದ ಇ-ರೀಡರುಗಳೂ ಇವೆಯಲ್ಲ ಎನ್ನಬಹುದು. ಇವೆ. ಕಿಂಡಲ್ ಸ್ಕ್ರೈಬ್ ಎಂಬ ೧೦.೨ ಅಂಗುಲದ ಸಾಧನ ೨೦೨೨ರಲ್ಲಿಯೇ ಬಂದಿದೆ. ಬೇರೆ ಕಂಪನಿಗಳವೂ ಇವೆ. ಸಾಧಾರಣ ಟ್ಯಾಬ್ಲೆಟ್ಟಿನ ಎರಡು ಮೂರು ಪಟ್ಟು ಬೆಲೆ ಕೊಟ್ಟು ಅವನ್ನು ಕೊಳ್ಳುವವರು ಈ ಲೇಖನವನ್ನು ಓದಬೇಕಾದ ಅಗತ್ಯವಿಲ್ಲ.

ಹರಿಯುವ ಪಠ್ಯವೇ ದೊರೆತರೂ ಇ-ರೀಡರಿನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನ ಪರೀಕ್ಷಿಸಿಯೇ ತಿಳಿಯಬೇಕು. ಸಂಯುಕ್ತಾಕ್ಷರಗಳನ್ನು ಕೂಡಿಸುವ ಕೆಲಸವನ್ನು ಸಾಧನದೊಳಗಿನ ತಂತ್ರಾಂಶ ಮಾಡಬೇಕು. ಅದು ಮಾಡದಿದ್ದಲ್ಲಿ ಒತ್ತಿನ ಬದಲು ಹಲಂತಚಿಹ್ನೆಯೂ ಮುಂದಿನ ಅಕ್ಷರವೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ‘ಸ್ತ್ರೀ’, ‘ಲಕ್ಷ್ಮಿ’, ‘ಮರ್ತ್ಯ’ ಎಂಬ ಮೂರು ಪದಗಳನ್ನು ಬರೆದ ಒಂದು ಚಿಕ್ಕ ಕಡತವನ್ನು ಅಂಗಡಿಯಲ್ಲಿಯೇ ತೆರೆದು ನೋಡಿದರೆ ಸಾಕು. ಹಳಗನ್ನಡದವರು ಱ, ೞಗಳನ್ನೂ ಸೇರಿಸಿಕೊಳ್ಳಬೇಕು. ಅಂದಹಾಗೆ, ಯುನಿಕೋಡಿನ ಕೋಷ್ಟಕದಲ್ಲಿ ನಮ್ಮ ೞಕಾರಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದು, ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮದಿಂದಾಗಿ ಇಂದಿಗೂ ಹಾಗೆಯೇ ಉಳಿದಿದೆ. ತಿದ್ದುಪಡಿಯನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಸೇರಿಸಿದ್ದಾರೆ. ನಕಾರಪೊಲ್ಲುವಿಗೆ ಸ್ಥಾನ ಸಿಕ್ಕಿದ್ದು ೨೦೨೧ರಲ್ಲಿ.

ಅಂಗಡಿಯ ಪುಸ್ತಕಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅಮೆಜಾನ್ ೨೦೧೬ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳ ಇ-ಪುಸ್ತಕಗಳನ್ನು ಕಿಂಡಲ್‌ಗೆ ತಂದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕನ್ನಡದ ಇ-ಪುಸ್ತಕಗಳಿಗಾಗಿ ೨೦೨೦ರಲ್ಲಿ ಆರಂಭವಾದ ಮೈಲ್ಯಾಂಗ್‌ನಂಥ ನಮ್ಮವರ ಪ್ರಯತ್ನಗಳು ಸ್ತುತ್ಯರ್ಹವಾದವು. ಆದರೆ ಅವುಗಳ ಪುಸ್ತಕಗಳನ್ನು ಅವುಗಳದೇ ಆ್ಯಪಿನಲ್ಲಿ, ಎಂದರೆ ಫೋನು ಟ್ಯಾಬ್ಲೆಟ್ಟುಗಳಲ್ಲಿಯೇ ಓದಬೇಕು. ನಿಘಂಟಿನ ಅನುಕೂಲವೂ ಟ್ಯಾಬ್ಲೆಟ್ಟಿನ ಕಡೆಗೇ ವಾಲುತ್ತದೆ. ಕಿಟೆಲ್ಲರ ೧೮೯೪ರ ನಿಘಂಟನ್ನಾಗಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳನ್ನಾಗಲಿ ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟು ಕಾವ್ಯ ಓದುವುದು ಅದರಲ್ಲಿ ಸಾಧ್ಯ.

ಆದಕಾರಣ ಇಲಾಖೆಯ ಅನುದಾನವೋ ಮಹಾವಿದ್ಯಾಲಯದ ಗ್ರಂಥಾಲಯದ ನಿಧಿಯೋ ಒದಗಿ ಬಂದಾಗ ಅಗ್ಗವಾಗಿ ದೊರೆಯಿತೆಂದು ಚಿಕ್ಕ ಇ-ರೀಡರುಗಳನ್ನು ಸಾಲಾಗಿ ಕೊಳ್ಳುವುದಕ್ಕಿಂತ, ನಾಲ್ಕೈದು ದೊಡ್ಡ ತೆರೆಯ ಟ್ಯಾಬ್ಲೆಟ್ಟುಗಳನ್ನು ಕೊಂಡು, ಹಕ್ಕುಸ್ವಾಮ್ಯ ಮುಗಿದ ಆಕರಗ್ರಂಥಗಳನ್ನು ಅವುಗಳಲ್ಲಿ ತುಂಬಿ, ಪುಸ್ತಕ ಎರವಲು ಕೊಟ್ಟಂತೆಯೇ ವಿದ್ಯಾರ್ಥಿಗಳಿಗೆ ಎರವಲು ಕೊಡುವುದು ಯುಕ್ತವೆನಿಸುತ್ತದೆ. ಜಾಲಸಂಪರ್ಕವನ್ನು ಸ್ಥಗಿತಗೊಳಿಸಿ ಕೊಟ್ಟರೆ ಸಂದೇಶಗಳ ಕಾಟವೂ ಕಡಿಮೆಯಾಗುತ್ತದೆ. ಬಿ.ಎ. ತರಗತಿಯ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಪಠ್ಯವನ್ನು ಓದುತ್ತಿರುವುದು ಗೆಳೆಯರು ಕಳುಹಿಸಿದ ಪುಟಚಿತ್ರಗಳನ್ನು ಐದು ಅಂಗುಲದ ಫೋನಿನಲ್ಲಿ ಎಳೆದಾಡುತ್ತ ಎಂಬುದನ್ನು ಪಾಠ ಹೇಳುವ ನಾವೆಲ್ಲ ದಿನವೂ ಕಾಣುತ್ತಿದ್ದೇವೆ.

ಈ ತೀರ್ಮಾನವನ್ನು ಶಾಶ್ವತವೆಂದು ಭಾವಿಸಬೇಕಾಗಿಲ್ಲ. ಟ್ಯಾಬ್ಲೆಟ್ಟನ್ನು ಆಯ್ದುಕೊಳ್ಳಬೇಕಾಗಿರುವುದು ಪಠ್ಯದ ಕೊರತೆಯಿಂದ. ಕೊರತೆಯನ್ನು ತುಂಬುವುದು ಸಾಧನ ತಯಾರಿಸುವ ಕಂಪನಿಗಳ ಕೆಲಸವಾಗಲಾರದು. ಅದು ನಮ್ಮ ವಿಭಾಗಗಳ ಕೆಲಸ. ಇಲ್ಲಿ ಫ.ಗು. ಹಳಕಟ್ಟಿಯವರನ್ನು ನೆನೆಯುವುದು ಕೇವಲ ಔಪಚಾರಿಕವಲ್ಲ. ೧೯೦೪ರಲ್ಲಿ ವಿಜಯಪುರಕ್ಕೆ ವಕೀಲಿಗೆಂದು ಬಂದ ಅವರು ೧೯೨೩ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಬೇರೆಯವರ ಅಚ್ಚುಕೂಟದಲ್ಲಿ ಮುದ್ರಿಸಿದರು. ಬೇರೆಯವರನ್ನು ನಂಬಿ ಇಷ್ಟು ದೊಡ್ಡ ಸಾಹಿತ್ಯರಾಶಿಯನ್ನು ಹೊರತರಲಾಗದೆಂದು ಕಂಡುದರಿಂದ ೧೯೨೫ರಲ್ಲಿ ವಿಜಯಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ಅದಕ್ಕಾಗಿ ಅವರು ಸ್ವಂತ ಮನೆಯನ್ನೇ ಮಾರಿದುದು ಈ ಭಾಗದಲ್ಲಿ ಎಲ್ಲರೂ ಬಲ್ಲ ಸಂಗತಿ. ತಾಳೆಗರಿಯಿಂದ ಅಚ್ಚಿಗೆ ದಾಟುವಾಗ ಅವರು ಮಾಡಿದ ಕೆಲಸವನ್ನು ಅಚ್ಚಿನಿಂದ ಗಣಕದ ಪಠ್ಯಕ್ಕೆ ದಾಟುವ ಈ ಹೊತ್ತಿನಲ್ಲಿ ಪುಟದ ಚಿತ್ರ ತೆಗೆದು ಜಾಲಕ್ಕೆ ಏರಿಸಿದರೆ ಆಯಿತೆಂದು ನಾವು ತಿಳಿದಿರುವಂತೆ ಕಾಣುತ್ತದೆ.

ಪರರ ಅಂಗಡಿಯನ್ನು ನಂಬಿ ಕೂರುವುದರಲ್ಲಿ ಮತ್ತೊಂದು ಅಪಾಯವೂ ಇದೆ. ೨೦೦೯ರ ಜುಲೈನಲ್ಲಿ ಅಮೆಜಾನ್ ತಾನು ಮಾರಿದ್ದ ಜಾರ್ಜ್ ಆರ್ವೆಲನ ಎರಡು ಕಾದಂಬರಿಗಳ ಪ್ರತಿಗಳನ್ನು ಹಕ್ಕಿನ ತೊಡಕಿನ ಕಾರಣಕ್ಕೆ ಕೊಂಡವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಅನಂತರ ಕ್ಷಮೆ ಕೇಳಿತು. ಕೊಂಡ ಪುಸ್ತಕವನ್ನು ಗಣಕಕ್ಕೆ ಇಳಿಸಿಕೊಂಡು ಇಡುವ ಅವಕಾಶವನ್ನು ೨೦೨೫ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ನೂರು ವರ್ಷ ಇಟ್ಟುಕೊಳ್ಳಲೆಂದೇ ಪುಸ್ತಕ ಸಂಗ್ರಹಿಸುವ ಗ್ರಂಥಾಲಯಕ್ಕೆ ಇಂಥ ಬಾಡಿಗೆಯ ಪುಸ್ತಕ ಒಗ್ಗದು. ನಮ್ಮದೇ ಇ-ಪಬ್ ಕಡತಗಳಾದರೆ ಈ ಭಯವಿಲ್ಲ. ಅವು ಟ್ಯಾಬ್ಲೆಟ್ಟಿನಲ್ಲಿಯೂ ತೆರೆಯುತ್ತವೆ. ಕನ್ನಡವನ್ನು ಸರಿಯಾಗಿ ಮೂಡಿಸುವ ಇ-ರೀಡರಿನಲ್ಲಿಯೂ ತೆರೆಯುತ್ತವೆ.

ಕಾನೂನಿನ ದೃಷ್ಟಿಯಿಂದಲೂ ಈ ಹೊತ್ತು ಅನುಕೂಲಕರವಾಗಿದೆ. ಭಾರತದಲ್ಲಿ ಕೃತಿಸ್ವಾಮ್ಯವು ಲೇಖಕನ ಮರಣಾನಂತರ ಅರವತ್ತು ವರ್ಷಗಳವರೆಗೆ ಇರುತ್ತದೆ. ಮರಣದ ಮರುವರ್ಷದಿಂದ ಈ ಅವಧಿಯನ್ನು ಎಣಿಸುತ್ತಾರೆ. ಹಳಕಟ್ಟಿಯವರು ೧೯೬೪ರಲ್ಲಿ ನಿಧನರಾದರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು ೨೦೨೫ರ ಜನವರಿ ಒಂದರಿಂದ ಸಾರ್ವಜನಿಕ ಸ್ವತ್ತಾಗಿವೆ. ಈ ಸಂಗತಿ ನಮ್ಮ ವಿದ್ವದ್ವಲಯದಲ್ಲಿ ಇನ್ನೂ ಸಾಕಷ್ಟು ಗಮನ ಸೆಳೆದಂತಿಲ್ಲ. ೧೯೫೩ರಲ್ಲಿ ತೀರಿಕೊಂಡ ಮಧುರಚೆನ್ನರ ಕೃತಿಗಳು ಅದಕ್ಕೂ ಹತ್ತು ವರ್ಷಗಳಿಗೂ ಮೊದಲೇ ಮುಕ್ತವಾಗಿವೆ. ಹಲಸಂಗಿ ಗೆಳೆಯರ ಗುಂಪಿನವರೇ ಆದ ಸಿಂಪಿ ಲಿಂಗಣ್ಣನವರು ೧೯೯೩ರವರೆಗೆ ಬದುಕಿದ್ದರಿಂದ ಅವರ ಕೃತಿಗಳಿಗೆ ೨೦೫೩ರ ಕೊನೆಯವರೆಗೂ ಕಾಯಬೇಕು. ಸಿಂದಗಿ ತಾಲೂಕಿನಲ್ಲಿ ಜನಿಸಿದ ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳ ವಿಷಯದಲ್ಲಿ ಈ ಗಡುವು ೨೦೭೫. ಇವಕ್ಕೆ ವಾರಸುದಾರರ, ಪ್ರಕಾಶಕರ ಒಪ್ಪಿಗೆ ಪಡೆದೇ ಮುಂದುವರಿಯಬೇಕು. ಹಳಕಟ್ಟಿಯವರ ಸಮಗ್ರ ಸಾಹಿತ್ಯವನ್ನು ವಿಜಯಪುರದ ಅವರ ಹೆಸರಿನ ಸಂಶೋಧನ ಕೇಂದ್ರ ಈಗಾಗಲೇ ಹೊರತಂದಿರುವುದರಿಂದ ಆ ಸಂಪುಟಗಳ ಪ್ರಸ್ತಾವನೆ, ಟಿಪ್ಪಣಿಗಳ ಹಕ್ಕು ಬೇರೆಯೇ ಇರುತ್ತದೆ. ಆಧಾರವಾಗಿ ಹಿಡಿಯಬೇಕಾದುದು ಅವರ ಕಾಲದ ಮೂಲ ಮುದ್ರಣಗಳನ್ನು.

ಈ ಹಿನ್ನೆಲೆಯಲ್ಲಿ ನಾಲ್ಕು ತಾಲೂಕುಗಳ ಕನ್ನಡ ವಿಭಾಗಗಳು ಒಂದೊಂದು ಗ್ರಂಥವನ್ನು ವಹಿಸಿಕೊಳ್ಳಬಹುದೆಂದು ಸೂಚಿಸಬಯಸುತ್ತೇನೆ. ಹಲಸಂಗಿ ಇಂದು ಚಡಚಣ ತಾಲೂಕಿಗೆ ಸೇರಿದ್ದರೂ ಬಹುಕಾಲ ಇಂಡಿ ತಾಲೂಕಿನದೇ ಆಗಿತ್ತು. ಇಂಡಿಯವರು ಮಧುರಚೆನ್ನರ ‘ಪೂರ್ವರಂಗ’ದಿಂದ ಆರಂಭಿಸಬಹುದು. ಬಸವನ ಬಾಗೇವಾಡಿಯವರಿಗೆ ಶಿ.ಶಿ. ಬಸವನಾಳರು ಸಂಪಾದಿಸಿದ ಬಸವಣ್ಣನವರ ಷಟ್‌ಸ್ಥಲದ ವಚನಗಳಿಗಿಂತ ಯೋಗ್ಯವಾದುದು ಬೇರೊಂದು ಇರಲಾರದು. ಅವರು ತೀರಿಕೊಂಡದ್ದು ೧೯೫೧ರಲ್ಲಿ. ‘ವಚನ ಶಾಸ್ತ್ರ ಸಾರ’ವನ್ನು ಮುದ್ದೇಬಿಹಾಳ, ಸಿಂದಗಿಗಳು ಹಂಚಿಕೊಳ್ಳಬಹುದು. ಚಿತ್ರದಿಂದ ಪಠ್ಯ ತೆಗೆಯುವ ತಂತ್ರಾಂಶಗಳು ಕನ್ನಡಕ್ಕೆ ಈಗ ತಕ್ಕಮಟ್ಟಿಗೆ ಸಿದ್ಧವಾಗಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ ‘ಲಿಪಿ ಗ್ನಾನಿ’ ಇದೆ. ಉಚಿತವಾಗಿ ದೊರೆಯುವ ಟೆಸರಾಕ್ಟ್ ಇದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಪುಟದ ಚಿತ್ರವನ್ನೂ ಪಠ್ಯವನ್ನೂ ಅಕ್ಕಪಕ್ಕ ಇಟ್ಟು ಕರಡು ತಿದ್ದುವ ವ್ಯವಸ್ಥೆಯಿದೆ. ಹಳೆಯ ಅಚ್ಚಿನಲ್ಲಿ ತಂತ್ರಾಂಶ ಎಡವುವ ಕಡೆ ತಿದ್ದುವುದಕ್ಕೆ ಕನ್ನಡ ಬಲ್ಲವರೇ ಬೇಕು, ಅಂಥವರು ನಮ್ಮ ವಿಭಾಗಗಳಲ್ಲಲ್ಲದೆ ಇನ್ನೆಲ್ಲಿ ಸಿಗಬೇಕು?

ಸಂಪಾದನೆಯ ಎರಡು ಅಂಶಗಳನ್ನು ಮೊದಲೇ ನಿರ್ಣಯಿಸಿಕೊಳ್ಳುವುದು ಅಗತ್ಯ. ಹರಿಯುವ ಪಠ್ಯಕ್ಕೆ ಪುಟಸಂಖ್ಯೆಯಿಲ್ಲ. ಸಂಶೋಧಕನಿಗೆ ಪುಟಸಂಖ್ಯೆಯಿಲ್ಲದೆ ಉಲ್ಲೇಖ ಕೊಡಲು ಬಾರದು. ಇ-ಪಬ್‌ನ ಮೂರನೆಯ ಆವೃತ್ತಿಯಲ್ಲಿ ಮುದ್ರಿತ ಪ್ರತಿಯ ಪುಟವಿಭಾಗವನ್ನು ಗುರುತಿಸಿಡುವ ವ್ಯವಸ್ಥೆಯಿದೆ, ಅದನ್ನು ತಪ್ಪದೆ ಬಳಸಬೇಕು. ಎರಡನೆಯದು ಸಾಲಿನ ಪ್ರಶ್ನೆ. ಅಕ್ಷರ ದೊಡ್ಡದಾದಂತೆ ಸಾಧನವು ಸಾಲನ್ನು ತನಗೆ ಬೇಕಾದಲ್ಲಿ ಮುರಿಯುತ್ತದೆ. ಗರತಿಯ ಹಾಡಿನ ತ್ರಿಪದಿ ಆಗ ಐದು ಸಾಲಾಗಿ ಕಾಣುತ್ತದೆ. ವಚನದಲ್ಲಿ ಸಂಪಾದಕರು ಮುರಿದ ಸಾಲು ಯಾವುದು, ಯಂತ್ರ ಮುರಿದ ಸಾಲು ಯಾವುದು ತಿಳಿಯುವುದಿಲ್ಲ. ಯಂತ್ರ ಮುರಿದ ಸಾಲನ್ನು ಒಳಸರಿಸಿ ತೋರಿಸುವಂತೆ ಕಡತವನ್ನು ಸಿದ್ಧಪಡಿಸಿದರೆ ಈ ಗೊಂದಲ ತಪ್ಪುತ್ತದೆ.

ಕೆಲಸದ ಕ್ರಮದಲ್ಲಿ ಎರಡೂ ಸಾಧನಗಳಿಗೆ ಎಡೆಯಿದೆ. ಮೊದಲ ಕರಡನ್ನು ಮೂಲದ ಪುಟದೊಡನೆ ಹೋಲಿಸಿ ತಿದ್ದಬೇಕಾಗುವುದರಿಂದ ಅದು ಟ್ಯಾಬ್ಲೆಟ್ಟಿನ ಕೆಲಸ. ತಿದ್ದಿದ ಪಠ್ಯವನ್ನು ಇ-ಪಬ್ ಮಾಡಿ, ಮೂಲವನ್ನು ಪಕ್ಕಕ್ಕಿಟ್ಟು, ಬೇರೊಬ್ಬರು ಇ-ರೀಡರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದಿದರೆ ಹೋಲಿಕೆಯಲ್ಲಿ ಕಣ್ಣುತಪ್ಪಿಸಿಕೊಂಡ ಪದಲೋಪ, ಸಾಲುಲೋಪಗಳು ಅರ್ಥಭಂಗದಿಂದಲೇ ಸಿಕ್ಕಿಬೀಳುತ್ತವೆ. ನಾಲ್ಕು ವಿಭಾಗಗಳ ನಡುವೆ ಆ ಕೆಲಸಕ್ಕೆ ಒಂದೇ ಇ-ರೀಡರ್ ಇದ್ದರೂ ಸಾಕು.